ಮನಿಯೊಳಗಿನ ವಕೀಲರು

ಕುರಕುಂಟಾದ ಚಹಾದಂಗಡಿ ಕಟ್ಟೆಯ ಮೇಲೆ ಕೂತರೆ ನಾನೇ ಸುಪ್ರೀಂ ಕೋರ್ಟು. ಬದುವಿನ ಜಗಳ, ಬಡ್ಡಿ ಜಗಳ, ಮುಚ್ಚಿಹೋದ ಸಿಸಿಐ ಸಿಮೆಂಟ್ ಫ್ಯಾಕ್ಟರಿಯ ಭವಿಷ್ಯ, ಎಲ್ಲಕ್ಕೂ ಅರ್ಧ ಕಪ್ ಚಹಾದಲ್ಲೇ ತೀರ್ಪು. ಬೈಕ್ ಸಾಲದ ವಸೂಲಿಯವರ ಫೋನ್ ಬಂದರೆ ಮಾತ್ರ ಗಂಟಲು ಕಟ್ಟುತ್ತದೆ. ಕಂತು ತಿಂಗಳಿಗೊಮ್ಮೆ ಬರುತ್ತದೆ, ತೊಗರಿ ರಾಶಿ ವರ್ಷಕ್ಕೊಮ್ಮೆ. ನಡುವಿನ ತಿಂಗಳುಗಳಲ್ಲಿ ನಾನು ‘ಹೊಲಕ್ಕೆ ಹೋಗಿರುತ್ತೇನೆ’, ಮಂಚದ ಮೇಲೆ ಮಲಗಿಕೊಂಡೇ.

ಮೊನ್ನೆ ರಾತ್ರಿ ಊಟದ ಹೊತ್ತಿಗೆ ಫೋನ್ ಬಂತು. “ಮನಿ ಮುಂದ ಬಂದು ಮರ್ಯಾದಿ ತೆಗೀತೀವಿ” ಎಂದ. ಎಷ್ಟು ಉಳಿದಿದೆ ಎಂದು ನಾನು ಲೆಕ್ಕ ಹಾಕುವುದರೊಳಗೆ ನಮ್ಮಾಕಿ ಫೋನ್ ಕಸಿದಳು.

“ಊಟ ಆಯ್ತೇನಪಾ ತಮ್ಮಾ? ಮುಂಜಾನಿ 8ರಿಂದ ಸಂಜಿ 7ರ ತನಕ ಅಷ್ಟೇ ಫೋನ್ ಮಾಡ್ಬೇಕಂತ ರಿಸರ್ವ್ ಬ್ಯಾಂಕಿನೋರು 2022ರಾಗೇ ಹೇಳ್ಯಾರ. ನಿನ್ನ ಹೆಸರು ಹೇಳು, ಬರ್ಕೋತೀನಿ.”

ಫೋನ್ ಕಟ್ಟಾಯಿತು.

ಮಹಿಳಾ ಸಂಘದ ಕಾನೂನು ಅರಿವು ಶಿಬಿರಕ್ಕೆ ಈಕೆ ಸುಸಲಾ-ಮಿರ್ಚಿಭಜಿಯ ಆಸೆಗೆ ಹೋಗಿದ್ದಳು ಎಂದುಕೊಂಡಿದ್ದೆ. ಕಿರುಸಾಲ, ಸಣ್ಣ ಸಾಲಗಳನ್ನು ಕಿರುಕುಳ ಕೊಟ್ಟು ವಸೂಲಿ ಮಾಡುವವರಿಗೆ 10 ವರ್ಷದ ತನಕ ಜೈಲು ಎಂದು ನಮ್ಮ ಸರ್ಕಾರ 2025ರಲ್ಲಿ ತಂದ ಕಾನೂನೂ ಬಾಯಿಪಾಠ.

“ಸಾಲ ಮಾಫಿ ಅಲ್ರೀ, ತೀರಸಲೇಬೇಕು. ಸೇಡಂ ಕೋರ್ಟಿನಾಗ ಕಾನೂನು ಸೇವಾ ಸಮಿತಿಗಿ ಅರ್ಜಿ ಕೊಡ್ರಿ. ಲೋಕ ಅದಾಲತ್‌ದಾಗ ಕೂಡಿ ಮಾತಾಡಿ ಕಂತು ಹಾಕಿಸ್ಕೋಬಹುದು. ಫೀಸಿಲ್ಲ. ಆದ್ರ ಒಪ್ಪಿ ಸಹಿ ಮಾಡಿದ ಮ್ಯಾಲ ಅಪೀಲಿಲ್ಲ.”

“ನಮ್ಮ ಮದುವಿ ಇದ್ದಂಗ” ಎಂದೆ. ನಗಲಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯಂತೆ ವಕೀಲರು ಪುಕ್ಕಟೆ ಎಂದಳು. ನನಗಾದರೆ ಆದಾಯದ ಪತ್ರ ಕೇಳುತ್ತಾರೆ! ಅಂದಿನಿಂದ ಸಾರಿಗೆ ಉಪ್ಪು ಕಡಿಮೆಯಾದರೂ ಎದುರುಪಕ್ಷದ ಬಲ ನೆನೆದು ಸುಮ್ಮನೆ ಉಣ್ಣುತ್ತೇನೆ.

ಈಗ ಸುಟ್ಟ ಮಿಕ್ಸರ್ ಮೇಲೆ ಆಕೆಯ ಕಣ್ಣು. ಕಲಬುರಗಿಯ ಗ್ರಾಹಕ ಆಯೋಗದಲ್ಲಿ 5 ಲಕ್ಷದ ತನಕದ ಸಾಮಾನಿಗೆ ಫೀಸಿಲ್ಲ, ವಕೀಲರೂ ಬೇಕಿಲ್ಲ, 2 ವರ್ಷದೊಳಗೆ ದೂರು ಕೊಟ್ಟರಾಯಿತು ಎಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಸೇವಾ ಸರಿ ಇರಲಿಲ್ಲಂದ್ರೂ ಕೇಸ್ ಹಾಕ್ಬಹುದಂತ.”

ನಾನೂ ಕಟ್ಟೆಯ ಜಡ್ಜ್ ತಾನೆ. “ಪುಕ್ಕಟೆ ಸೇವೆಗೆ ಆ ಕಾಯ್ದೆ ಹತ್ತಂಗಿಲ್ಲ” ಎಂದೆ.

“ಪುಕ್ಕಟೆ? ಹಂಗಾದ್ರ ದಿನಾ ತಿನ್ನೋ ರೊಟ್ಟಿ ಯಾವ ಲೆಕ್ಕಕ್ರೀ?”

‘ರಸೀದಿ ಅದ ಏನು?’ ಎಂದು ಕೇಳುವವನಿದ್ದೆ. ರೊಟ್ಟಿ ಇನ್ನೂ ಹಂಚಿನ ಮೇಲಿತ್ತು.