ಗೋವಾಕ್ಕ ಹೊಂಟ ಡಾಕ್ಟರ್ ಕಾಕಾ

ಮೂಡಲಗಿಯಿಂದ ಗೋವಾಕ್ಕೆ ಹೋಗುವುದನ್ನು ನಮ್ಮ ಓಣಿಯ ಹಿರಿಯರು ಇಂದಿಗೂ ಪರದೇಶ ಪ್ರಯಾಣದ ಲೆಕ್ಕಕ್ಕೇ ಹಿಡಿಯುತ್ತಾರೆ. ನಕ್ಕು ತಳ್ಳಿಹಾಕುವಂತಿಲ್ಲ, 1961ರ ಡಿಸೆಂಬರ್ 19ರವರೆಗೆ ಅಲ್ಲಿ ಪೋರ್ಚುಗೀಸರದೇ ದರ್ಬಾರಿತ್ತು. ಮಗನ ಶಾಲೆಯ ಪ್ರವಾಸದ ಬಸ್ಸು ಗೋಕಾಕ, ಘಟಪ್ರಭಾ, ಹುಕ್ಕೇರಿ ದಾಟಿ, ಸಂಕೇಶ್ವರದಲ್ಲಿ ಚಹಾಕ್ಕೆ ನಿಂತು, ಗಡಹಿಂಗ್ಲಜ, ಆಜರಾ ಹಾದು ಅಂಬೋಲಿ ಘಾಟು ಇಳಿಯಬೇಕಿತ್ತು. ಒಂದೇ ಹಾದಿಗೆ ಮೂರು ರಾಜ್ಯ.

"ನೀವು ಫ್ಯಾಕ್ಟರಿಯೊಳಗ ಫಸ್ಟ್ ಏಡ್ ಕಲತೀರಂತಲ್ರಿ, ನಮ್ಮ ಜೋಡಿ ಬರ್ರಿ" ಎಂದರು ದೊಡ್ಡ ಮಾಸ್ತರು. ಕಲಿತದ್ದು ನಿಜ. ನೂರೈವತ್ತು ಕೆಲಸಗಾರರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು, ಅದನ್ನು ನೋಡಿಕೊಳ್ಳುವವನು ತರಬೇತಿ ಪಡೆದಿರಬೇಕು ಎನ್ನುತ್ತಿತ್ತು 1948ರ ಕಾರ್ಖಾನೆ ಕಾಯ್ದೆ. ಸಕ್ಕರೆ ಕಾರ್ಖಾನೆಯಲ್ಲಿ ಆ ಪೆಟ್ಟಿಗೆ ನನ್ನ ಪಾಲಿಗೆ ಬಂದಿತ್ತು. ಪುಕ್ಕಟೆ ಗೋವಾ ಯಾರಿಗೆ ಬೇಡ? ಹೂಂ ಅಂದೆ.

ಹೊರಡುವ ಮುಂಜಾನೆ ತಾಯಂದಿರು ಬಸ್ಸಿನ ಕಿಟಕಿಯಿಂದಲೇ ಗುಳಿಗೆಯ ಪುಡಿಕೆ ತುರುಕತೊಡಗಿದರು. "ಕಾಕಾರ, ಇದು ಜ್ವರಕ್ಕ, ಇದು ಹೊಟ್ಟಿಗೆ. ಇದು ಯಾತಕ್ಕಂತ ಮರತೀನಿ, ಆದ್ರ ಛಲೋ ಐತಿ." ಯಾವ ಗುಳಿಗೆ ಯಾತಕ್ಕೆಂದು ಚೀಟಿಯಲ್ಲಿ ಬರೆದು ಸಹಿ ಮಾಡಿಕೊಟ್ಟವರದನ್ನು ಮಾತ್ರ ಇಟ್ಟುಕೊಂಡೆ. ಉಳಿದವರ ಕಣ್ಣಲ್ಲಿ ನಾನು ಸೊಕ್ಕಿನ ಮನುಷ್ಯನಾದೆ.

ಹುಡುಗರ ಚೀಲದಲ್ಲಿ ಗೋಕಾಕದ ಕರದಂಟು ಇತ್ತು, ಶೇಂಗಾ ಹಿಂಡಿ ಇತ್ತು, ಚುರಮರಿ ಇತ್ತು. ಆಜರಾ ಬರುವ ಹೊತ್ತಿಗೆ ಅವೆಲ್ಲ ಚೀಲದಿಂದ ಹೊಟ್ಟೆಗೆ ವರ್ಗವಾಗಿದ್ದವು. ಘಾಟಿನ ಮೊದಲ ತಿರುವಿನಲ್ಲಿ ಹಿಂದಿನ ಸೀಟಿನಿಂದ ಒಂದು ಕ್ಷೀಣ ದನಿ: "ಕಾಕಾ, ಬಾಯಾಗ ನೀರ ಬರಾಕತ್ತಾವ್ರಿ." ಎರಡನೇ ತಿರುವಿಗೆ ಬಸ್ಸಿನ ಅರ್ಧ ಭಾಗದ ಬಾಯಲ್ಲಿ ನೀರು.

ಒಳಗಿವಿ ದೇಹ ಹೊಯ್ದಾಡುತ್ತಿದೆ ಅನ್ನುತ್ತದೆ. ಮುಂದಿನ ಸೀಟಿನ ಬೆನ್ನನ್ನೇ ನೋಡುವ ಕಣ್ಣು ಇಲ್ಲ ಅನ್ನುತ್ತದೆ. ಈ ಜಗಳದಲ್ಲಿ ಬಡಪಾಯಿ ಹೊಟ್ಟೆ ಸೋಲುತ್ತದೆ. ಮುಂದೆ ಕೂತು ದೂರದ ರಸ್ತೆ ನೋಡಿದರೆ ಎಷ್ಟೋ ವಾಸಿ. ಆದರೆ ಮುಂದಿನ ಸೀಟುಗಳಲ್ಲಿ ದೊಡ್ಡ ಮಾಸ್ತರು, ಅವರ ಮನೆಯವರು ಮತ್ತು ಅವರ ಮನೆಯವರ ಅಕ್ಕ ಕೂತಿದ್ದರು. ಹಿಂದಿನ ಚಕ್ರದಾಚೆ, ಬಸ್ಸು ಎಲ್ಲಕ್ಕಿಂತ ಹೆಚ್ಚು ಎತ್ತಿಹಾಕುವ ಕಡೆ, ಹುಡುಗರು. ನಾನು ಕ್ಯಾರಿಬ್ಯಾಗಿನ ಕಟ್ಟು ಹಿಡಿದು ಕಂಡಕ್ಟರನಂತೆ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಓಡಾಡಿದೆ.

ಪ್ರಥಮ ಚಿಕಿತ್ಸಕನ ನಿಜವಾದ ಶತ್ರು ಗಾಯವಲ್ಲ, ಸುತ್ತ ನಿಂತ ಎರಡನೇ, ಮೂರನೇ ಚಿಕಿತ್ಸಕರು. ಅದು ತಿಳಿದದ್ದು ಸಮುದ್ರದ ದಂಡೆಯಲ್ಲಿ. ಒಬ್ಬ ಹುಡುಗನಿಗೆ ಚೆಂಡು ಬಡಿದು ಮೂಗಿನಿಂದ ರಕ್ತ. ನಾನು ಮುಟ್ಟುವಷ್ಟರಲ್ಲಿ ಒಬ್ಬ ಮಾಸ್ತರು ಅವನ ತಲೆಯನ್ನು ಆಕಾಶಕ್ಕೆ ಎತ್ತಿದ್ದರು, ಮತ್ತೊಬ್ಬರು ನೆತ್ತಿಗೆ ನೀರು ಹೊಯ್ಯುತ್ತಿದ್ದರು, ಅಡುಗೆಯವ ಉಳ್ಳಾಗಡ್ಡಿ ಒಡೆದುಕೊಂಡು ಓಡಿ ಬರುತ್ತಿದ್ದ. ತಲೆ ಹಿಂದಕ್ಕೆ ಬಾಗಿಸಿದರೆ ರಕ್ತ ಗಂಟಲಿಗೆ ಇಳಿಯುತ್ತದೆ. ಹುಡುಗನನ್ನು ಕೂರಿಸಿ, ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗ ಹಿಡಿದು, ಬಾಯಿಂದ ಉಸಿರಾಡು ಎಂದೆ. ಹತ್ತು ನಿಮಿಷ ಬಿಡಬಾರದು. ಎರಡು ನಿಮಿಷಕ್ಕೇ ಮಾಸ್ತರು, "ಬಿಟ್ಟ ನೋಡ್ರಿ, ನಿಂತಿರಬೇಕು" ಎಂದರು. ಗಡಿಯಾರ ಅವರ ಕೈಗೇ ಕೊಟ್ಟೆ. ಕೆಲಸ ಸಿಕ್ಕ ಮೇಲೆ ಸುಮ್ಮನಾದರು. ಮೂಗು ನನ್ನ ಹಿಡಿತದಲ್ಲಿದ್ದ ಹುಡುಗ ಗೊಗ್ಗರು ದನಿಯಲ್ಲಿ ಕೇಳಿದ್ದು ಒಂದೇ: "ಕಾಕಾ, ಯಾರೂ ಫೋಟೋ ತಗೀವಲ್ರಲ್ರಿ?" ಉಳ್ಳಾಗಡ್ಡಿ ಮಧ್ಯಾಹ್ನದ ಊಟಕ್ಕೆ ಉಪಯೋಗವಾಯಿತು.

ಬಿಸಿಲಿಗೆ ಸುಸ್ತಾದ ಇಬ್ಬರಿಗೆ ಓಆರ್‌ಎಸ್ ಕಲಸಿಕೊಟ್ಟೆ. ಪೊಟ್ಟಣ ಕಿತ್ತಳೆ ರುಚಿಯದ್ದು. ಸುದ್ದಿ ಹಬ್ಬಿದ್ದೇ ತಡ, ಇಡೀ ಏಳನೇ ಇಯತ್ತೆಗೆ ಸುಸ್ತು ಶುರುವಾಯಿತು. "ನನಗೂ ಚಕ್ಕರ್ ಬರಾಕತ್ತೈತ್ರಿ" ಎನ್ನುತ್ತ ಗ್ಲಾಸು ಹಿಡಿದು ಪಾಳಿ. ಆಗ ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಮನೆಯ ಪಾನಕ ಮಾಡಿದೆ. ಚಮಚ ತಲೆ ಸವರಿದ ಅಳತೆಯದ್ದಿರಬೇಕು. ಕೈ ಬಿಟ್ಟು ಉಪ್ಪು ಸುರಿದರೆ ಉಪಕಾರಕ್ಕಿಂತ ಅಪಾಯ. ಮೊದಲ ಗುಟುಕಿಗೇ ಪಾಳಿ ಕರಗಿತು.

ಕೈಫೋನಿನಲ್ಲಿ 108 ಸಿದ್ಧವಿಟ್ಟಿದ್ದೆ. ಕರ್ನಾಟಕ, ಮಹಾರಾಷ್ಟ್ರ, ಗೋವಾ ಮೂರರಲ್ಲೂ ಆಂಬುಲೆನ್ಸಿಗೆ ಅದೇ ನಂಬರು. ಗಡಿಯ ವಿಷಯದಲ್ಲಿ ನಮ್ಮ ಭಾಗ ಒಮ್ಮತಕ್ಕೆ ಬಂದಿರುವುದು ಇದೊಂದರಲ್ಲೇ ಇರಬೇಕು. ಒತ್ತುವ ಪ್ರಸಂಗ ಬರಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಪ್ರವಾಸ ಹೊರಡಿಸುವ ಮಾಸ್ತರರಲ್ಲಿ, ಬಾಯಾರರಲ್ಲಿ ಒಂದೇ ವಿನಂತಿ. ಉಳ್ಳಾಗಡ್ಡಿ ತರುವುದಿದ್ದರೆ ತರ್ರಿ, ಅಡುಗೆಗೆ ಬೇಕಾಗುತ್ತದೆ. ಮುಂದಿನ ಎರಡು ಸಾಲು ಸೀಟು ಮಾತ್ರ ವಾಂತಿ ಮಾಡುವ ಹುಡುಗರಿಗೆ ಬಿಡ್ರಿ, ಹಿಂದೆ ನೀವು ಕೂಡ್ರಿ.