ಪಿಟೀಲು ಯಾರದು, ಮೃದಂಗ ಯಾರದು?

ಶಾಸ್ತ್ರೀಯ ಸಂಗೀತದ ಹೊಸ ಧ್ವನಿಮುದ್ರಣಗಳನ್ನು ಹೊರತರುತ್ತಿರುವ ಸಂಸ್ಥೆಗಳಿಗೂ ಕಲಾವಿದರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಹೊರತರುವ ಕಛೇರಿಗಳನ್ನು ಕಾದು ಕೇಳುವವರಲ್ಲಿ ನಾನೂ ಒಬ್ಬ. ಈಚೆಗೆ ಹೀಗೇ ಒಂದು ತೋಡಿ ಕೇಳಿದೆ. ಗಾಯಕರು ಆಲಾಪನೆ ಮುಗಿಸಿದ ಮೇಲೆ ಪಿಟೀಲಿನವರು ಅವರ ದಾರಿಯನ್ನೇ ಮತ್ತೆ ತುಳಿಯಲಿಲ್ಲ. ಗಾಯಕರು ಸುಮ್ಮನೆ ಮುಟ್ಟಿ ಬಿಟ್ಟಿದ್ದ ಮಂದ್ರಸ್ಥಾಯಿಗೆ ಇಳಿದು, ಅಲ್ಲಿಯೇ ಸಾಕಷ್ಟು ಹೊತ್ತು ನಿಂತು, ಆ ರಾಗದ ಗಾಂಧಾರವನ್ನು ಬೇರೆಯೇ ಬೆಳಕಿನಲ್ಲಿ ತೋರಿಸಿದರು. ಗಾಯಕರ ಬಾಯಿಂದ ತಾನಾಗಿಯೇ ಒಂದು ‘ಭಲೆ’ ಹೊರಟದ್ದು ಮೈಕಿಗೂ ಸಿಕ್ಕಿದೆ. ಇಷ್ಟು ಚೆನ್ನಾಗಿ ನುಡಿಸಿದವರು ಯಾರು ಎಂದು ಫೋನಿನ ಪರದೆ ನೋಡಿದರೆ ಅಲ್ಲಿ ಗಾಯಕರ ಹೆಸರಿತ್ತು, ಸಂಸ್ಥೆಯ ಹೆಸರಿತ್ತು, ಇಸವಿ ಇತ್ತು. ಮತ್ತೇನೂ ಇರಲಿಲ್ಲ.

ಇದು ಒಂದು ಮುದ್ರಣದ ಕತೆಯಾಗಿದ್ದರೆ ನಿಮಗೆ ಈ ಪತ್ರದ ತೊಂದರೆ ಕೊಡುತ್ತಿರಲಿಲ್ಲ.

ನಮ್ಮ ದೇಶದಲ್ಲಿ ತಟ್ಟೆಗಳ ಧ್ವನಿಮುದ್ರಣ ಆರಂಭವಾದದ್ದೇ ಹೆಸರು ಹೇಳಿಕೊಳ್ಳುವುದರೊಂದಿಗೆ. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ, ಆಕೆ ಕೊನೆಯಲ್ಲಿ ಗಟ್ಟಿಯಾಗಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿದರು. ತಟ್ಟೆಗಳು ಅಚ್ಚಾಗಬೇಕಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಹಾಡಿದವರ ಗುರುತು ತಪ್ಪಬಾರದೆಂದು ಈ ಏರ್ಪಾಡು. ಆಗ ಒಂದು ತಟ್ಟೆಯಲ್ಲಿ ಹಿಡಿಯುತ್ತಿದ್ದದ್ದು ಮೂರು-ಮೂರೂವರೆ ನಿಮಿಷದ ಸಂಗೀತ. ಅಷ್ಟರಲ್ಲಿಯೇ ಕೆಲವು ಕ್ಷಣಗಳನ್ನು ಹೆಸರಿಗೆಂದು ತೆಗೆದಿಟ್ಟರು. ಆ ಕಾಲದ ತಟ್ಟೆಗಳಲ್ಲಿ ಸಾರಂಗಿ, ತಬಲಾ ನುಡಿಸಿದ ಎಷ್ಟೋ ಜನರ ಹೆಸರು ನಮಗೆ ಸಿಕ್ಕಿಲ್ಲ; ಇನ್ನು ಸಿಗುವುದೂ ಇಲ್ಲ. ಅಂಗೈಯಗಲದ ಲೇಬಲ್ಲಿನಲ್ಲಿ ಜಾಗವಿರಲಿಲ್ಲ ಎಂದು ಆ ಕಂಪನಿಯವರನ್ನು ಕ್ಷಮಿಸಬಹುದು. ನಿಮಗೆ ಜಾಗದ ಕೊರತೆ ಎಲ್ಲಿದೆ?

ಎಲ್‌ಪಿ ಬಂದಾಗ ಲಕೋಟೆ ದೊಡ್ಡದಾಯಿತು, ಹೆಸರುಗಳೂ ಬಂದವು. 1955ರಲ್ಲಿ ಅಮೆರಿಕದಲ್ಲಿ ಅಲಿ ಅಕ್ಬರ್ ಖಾನರ ಸರೋದ್ ಎಲ್‌ಪಿ ಹೊರಬಂತು. ಅದಕ್ಕೆ ಮುನ್ನುಡಿ ಹೇಳಿದವರು ಯೆಹೂದಿ ಮೆನುಹಿನ್. ಅದರಲ್ಲಿ ತಬಲಾ ಚತುರಲಾಲ್ ಅವರದೆಂದೂ ತಂಬೂರಿ ಶಿರೀಷ್ ಗೋರ್ ಅವರದೆಂದೂ ದಾಖಲಾಗಿದೆ. ತಂಬೂರಿ ಮೀಟಿದವರ ಹೆಸರನ್ನೂ ಬಿಡಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ನಮ್ಮ ಕ್ಯಾಸೆಟ್ಟಿನ ಕಾಲದಲ್ಲಿ ಡಬ್ಬಿಯೊಳಗಿನ ಮಡಿಸಿದ ಕಾಗದದಲ್ಲಿ, ಕಣ್ಣು ಕಿರಿದು ಮಾಡಿಕೊಂಡು ಓದಬೇಕಾದ ಅಕ್ಷರದಲ್ಲಾದರೂ ಪಿಟೀಲು, ಮೃದಂಗ, ಘಟ ಎಂದು ಹೆಸರುಗಳಿರುತ್ತಿದ್ದವು. ಆಕಾಶವಾಣಿಯಂತೂ ಈ ವಿಷಯದಲ್ಲಿ ನಮಗೆಲ್ಲ ಪಾಠ ಹೇಳಿತು. ಕೃತಿ, ರಾಗ, ತಾಳ, ವಾಗ್ಗೇಯಕಾರರು, ಪಕ್ಕವಾದ್ಯದವರು ಎಲ್ಲವನ್ನೂ ಉದ್ಘೋಷಕರು ಸ್ಪಷ್ಟವಾಗಿ ಹೇಳುತ್ತಿದ್ದರು. ಊರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ರೇಡಿಯೊ ಕೇಳಿದವರಿಗೂ ಪಿಟೀಲಿನ ಚೌಡಯ್ಯನವರ ಹೆಸರು ಪರಿಚಯವಾದದ್ದು ಹಾಗೆ.

ಈಗ ತನಿ ಆವರ್ತನದ ವಿಷಯಕ್ಕೆ ಬರುತ್ತೇನೆ. ನನ್ನ ಮನಸ್ಸನ್ನು ಅತಿ ಹೆಚ್ಚು ನೋಯಿಸಿದ್ದು ಇದು. ಕೇಳುಗರಿಗೆ ಅನುಕೂಲವೆಂದು ನೀವು ಕಛೇರಿಯನ್ನು ತುಂಡು ತುಂಡಾಗಿ ಏರಿಸುತ್ತೀರಿ, ಸರಿ. ಆಲಾಪನೆ ಒಂದು ಕಡತ, ಕೃತಿ ಒಂದು, ತನಿ ಇನ್ನೊಂದು. ತನಿಯ ಕಡತವನ್ನು ತೆರೆದರೆ ಕಲಾವಿದರ ಜಾಗದಲ್ಲಿ ಗಾಯಕರ ಹೆಸರೊಂದೇ ಇರುತ್ತದೆ! ಆ ಹೊತ್ತಿನಲ್ಲಿ ಗಾಯಕರು ಒಂದು ಸ್ವರವನ್ನೂ ಹಾಡಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತ, ತಲೆದೂಗುತ್ತ ಕೂತಿದ್ದಾರೆ. ನಡೆ ಬದಲಿಸಿದವರು, ಮೋಹರ ಕಟ್ಟಿದವರು, ಕೋರ್ವೆಯನ್ನು ಸಮಕ್ಕೆ ತಂದು ಇಳಿಸಿದವರು ಮೃದಂಗ ಮತ್ತು ಘಟದ ವಿದ್ವಾಂಸರು. ಎಡದ ಮುಚ್ಚಿಗೆಗೆ ರವೆ ಹಚ್ಚಿ, ಶ್ರುತಿಗೆ ಮೃದಂಗವನ್ನು ತಟ್ಟಿ ತಟ್ಟಿ ಕೂಡಿಸಿಕೊಂಡು, ವರ್ಷಗಟ್ಟಲೆ ಗುರುವಿನ ಮುಂದೆ ಕೂತು ಸಂಪಾದಿಸಿದ ಲೆಕ್ಕಾಚಾರವನ್ನು ಅವರು ಅಲ್ಲಿ ಒಪ್ಪಿಸಿದ್ದಾರೆ. ಆ ಹತ್ತು ನಿಮಿಷ ಪೂರ್ತಿ ಅವರದು. ಅದರ ಮೇಲೆ ಬೇರೆಯವರ ಹೆಸರನ್ನು ಅಂಟಿಸುವುದು ಸುಳ್ಳು ದಾಖಲೆ. ನಾಳೆ ಮೃದಂಗ ಕಲಿಯುವ ಹುಡುಗಿ ಈ ಕಡತ ಕೇಳಿ, ಇವರ ಬಳಿಯೇ ಪಾಠಕ್ಕೆ ಸೇರಬೇಕೆಂದು ಆಸೆಪಟ್ಟರೆ ಯಾರ ಮನೆ ಬಾಗಿಲು ತಟ್ಟಬೇಕು?

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡೋಣ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ಸೇರಿದ 52ಎ ಕಲಮಿನ ಪ್ರಕಾರ ಧ್ವನಿಮುದ್ರಣದ ಮೇಲೆ ಅದನ್ನು ತಯಾರಿಸಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ಇಸವಿ ಇರಲೇಬೇಕು. ಹಾಡಿದವರ, ನುಡಿಸಿದವರ ಹೆಸರು ಆ ಪಟ್ಟಿಯಲ್ಲಿಲ್ಲ. ಪರದೆಯ ಮೇಲೆ ನಿಮ್ಮ ಸಂಸ್ಥೆಯ ಹೆಸರು ಒಮ್ಮೆಯೂ ತಪ್ಪದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಆದರೆ 2012ರ ತಿದ್ದುಪಡಿಯಲ್ಲಿ 38ಬಿ ಎಂಬ ಕಲಮು ಬಂತು. ತನ್ನ ಪ್ರದರ್ಶನಕ್ಕೆ ತನ್ನನ್ನೇ ಕಲಾವಿದನೆಂದು ಗುರುತಿಸಬೇಕೆಂದು ಕೇಳುವ ನೈತಿಕ ಹಕ್ಕನ್ನು ಅದು ಕೊಟ್ಟಿತು. ಬಳಸುವ ರೀತಿಯಿಂದಾಗಿ ಹೆಸರು ಬಿಡಲೇಬೇಕಾದ ಸಂದರ್ಭಕ್ಕೆ ಮಾತ್ರ ವಿನಾಯಿತಿ. ಒಂದು ಗಂಟೆಯ ಕಛೇರಿಯ ಕಡತಕ್ಕೆ ನಾಲ್ಕು ಹೆಸರು ಸೇರಿಸಲಾಗದ ಸಂದರ್ಭ ಯಾವುದು? ವಾಣಿಜ್ಯ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಪ್ರದರ್ಶಕರಿಗೆ ಪಾಲಿದೆ ಎಂದೂ ಅದೇ ತಿದ್ದುಪಡಿ ಹೇಳಿದೆ. ಹೆಸರೇ ಇಲ್ಲದವರ ಪಾಲನ್ನು ಯಾರ ಖಾತೆಗೆ ಹಾಕುತ್ತೀರಿ?

ನಮ್ಮ ಸಂಗೀತದಲ್ಲಿ ಪಕ್ಕದವರನ್ನು ತೆಗೆದುಬಿಟ್ಟರೆ ಉಳಿಯುವುದು ಅರ್ಧವೇ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳಿ ಬೆಳೆದವರ ಕಿವಿಯಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲು ಸೇರಿಕೊಂಡೇ ಇದೆ. ಆ ಲೋಹದ ವಾದ್ಯದ ಬಿರುಸಿಗೆ ಅಷ್ಟೇ ತುಂಬಿದ ಕಮಾನಿನಿಂದ ಉತ್ತರ ಕೊಟ್ಟವರು ಅವರು. 2016ರ ‘ಸಂಗೀತ ಕಲಾನಿಧಿ’ ಪ್ರಶಸ್ತಿ ಪಡೆದವರು. ಧಾರವಾಡದ ಕಡೆಗೆ ಬನ್ನಿ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ಮುಂದೆ ಅವರ ಆ ಗಂಭೀರ ಕಂಠದ ಪಕ್ಕದಲ್ಲಿ ಮಗಳು ಕೃಷ್ಣಾ ಹಾನಗಲ್ಲರ ದನಿ ದಶಕಗಳ ಕಾಲ ನಿಂತಿತು. ತಾಯಿ ಬಿಟ್ಟ ಕಡೆ ಮಗಳು ಎತ್ತಿಕೊಂಡದ್ದನ್ನು ತೆಗೆದು ಹಾಕಿದರೆ ಆ ಖ್ಯಾಲು ಅದೇ ಖ್ಯಾಲಾಗಿ ಉಳಿಯುವುದಿಲ್ಲ. ಹಳೆಯ ಧ್ವನಿಸುರುಳಿಗಳನ್ನು ಶುದ್ಧಗೊಳಿಸಿ ‘ಹೊಸದಾಗಿ’ ಬಿಡುಗಡೆ ಮಾಡುವವರು ದಯವಿಟ್ಟು ಇಂಥ ಸಹಗಾಯಕರನ್ನು, ಹಾರ್ಮೋನಿಯಂನವರನ್ನು ಮರೆಯಬೇಡಿ.

ರಚನಕಾರರ ಜಾಗದಲ್ಲಿ ‘ಟ್ರೆಡಿಷನಲ್’ ಎಂದು ಬರೆಯುವುದನ್ನೂ ನಿಲ್ಲಿಸಿ. ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರು 1961ರವರೆಗೆ ನಮ್ಮ ನಡುವೆಯೇ ಇದ್ದರು. ಕಲಾಕ್ಷೇತ್ರದಲ್ಲಿ ಕೂತು ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತ ಕಟ್ಟಿದರು. ಅವರ ಕೃತಿಯನ್ನು ಯಾರೋ ಎಂದೋ ಕಟ್ಟಿದ್ದೆಂದು ತೋರಿಸುವ ಹಕ್ಕು ಯಾರಿಗೂ ಇಲ್ಲ.

ಅಂತರ್ಜಾಲದಲ್ಲಿ ಸಂಗೀತ ಕೇಳಿಸುವ ಕಂಪನಿಗಳ ನಮೂನೆಯಲ್ಲಿ ಹಾಡು, ಕಲಾವಿದ, ಆಲ್ಬಮ್ ಎಂಬ ಮೂರೇ ಮನೆಗಳಿವೆ ಎಂದು ನೀವು ಹೇಳಬಹುದು. ಪಾಶ್ಚಾತ್ಯ ಸಂಗೀತದವರಿಗೂ ಇದೇ ತೊಡಕಿತ್ತು. ಒಂದು ಸಿಂಫನಿಗೆ ರಚನಕಾರ, ನಿರ್ದೇಶಕ, ವಾದ್ಯವೃಂದ, ಏಕವಾದಕ ಎಲ್ಲರೂ ಬೇಕು. ಅವರು ಸುಮ್ಮನಿರಲಿಲ್ಲ, ಪ್ರೈಮ್‌ಫೋನಿಕ್, ಇಡಾಜಿಯೊ ಎಂಬ ಬೇರೆ ವೇದಿಕೆಗಳನ್ನೇ ಕಟ್ಟಿದರು. ಪ್ರೈಮ್‌ಫೋನಿಕ್ಕನ್ನು ಕೊಂಡ ಆಪಲ್ 2023ರಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ಪ್ರತ್ಯೇಕ ಆ್ಯಪ್ ತಂದಿತು. ರಾಗ, ತಾಳ, ಪಕ್ಕವಾದ್ಯಕ್ಕೆ ಅಂಕಣ ಬೇಕೆಂದು ನಾವು ಒಟ್ಟಾಗಿ ಒತ್ತಾಯಿಸಬೇಕು. ಅದು ಸಿಗುವ ತನಕ ಹೆಸರುಗಳನ್ನು ಶೀರ್ಷಿಕೆಯಲ್ಲಿಯೋ ವಿವರಣೆಯಲ್ಲಿಯೋ ಬರೆಯುವುದಕ್ಕೆ ಅಡ್ಡಿಯಿಲ್ಲ.

ಮುಖ್ಯ ಕಲಾವಿದರಲ್ಲಿ ಒಂದು ಪ್ರಾರ್ಥನೆ. ನೀವು ವೇದಿಕೆಯ ಮೇಲೆ ಪಕ್ಕದವರನ್ನು ‘ಸರ್’, ‘ಅಕ್ಕ’ ಎಂದು ಗೌರವದಿಂದ ಕರೆಯುತ್ತೀರಿ. ಅದೇ ಗೌರವ ಒಪ್ಪಂದದ ಕಾಗದದಲ್ಲಿಯೂ ಬರಲಿ. ಎಲ್ಲರ ಹೆಸರಿಲ್ಲದೆ ಬಿಡುಗಡೆಗೆ ಒಪ್ಪುವುದಿಲ್ಲವೆಂದು ನೀವು ಒಂದು ಸಾಲು ಬರೆಸಿದರೆ, ನನ್ನಂಥವರ ಹತ್ತು ಪತ್ರ ಮಾಡಲಾಗದ ಕೆಲಸ ಆಗುತ್ತದೆ. ಯಂತ್ರದ ತಂಬೂರಿಯ ಬದಲು ಶಿಷ್ಯರೊಬ್ಬರು ಹಿಂದೆ ಕೂತು ಮೀಟಿದ್ದರೆ ಅವರ ಹೆಸರೂ ಇರಲಿ, ಧ್ವನಿಮುದ್ರಣ ತಂತ್ರಜ್ಞರ ಹೆಸರೂ ಇರಲಿ.

ಈಗಾಗಲೇ ಹೆಸರಿಲ್ಲದೆ ಹೊರಬಂದಿರುವ ಕಡತಗಳನ್ನೂ ತಿದ್ದಲು ಸಾಧ್ಯವಿದೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ನುಡಿಸಿದ ಹಲವು ವಿದ್ವಾಂಸರು ಇನ್ನೂ ನಮ್ಮೊಂದಿಗಿದ್ದಾರೆ. ಅರ್ಧ ಆವರ್ತ ಕೇಳಿಸಿದರೆ ಸಾಕು, ಈ ಬೆರಳು ಯಾರದು, ಆ ಕಮಾನು ಯಾರದು ಎಂದು ಹೇಳಿಬಿಡುತ್ತಾರೆ. ಅವರ ವಯಸ್ಸನ್ನು ಗಮನದಲ್ಲಿಟ್ಟುಕೊಂಡು ಈ ವರ್ಷವೇ ಅವರ ಮನೆಗಳಿಗೆ ಹೋಗಿ ಬರೆದುಕೊಳ್ಳಿ.

ಇಂತಿ,
ಒಬ್ಬ ಕೇಳುಗ