ರೇಟ್ ಬರಲಿ, ಖೋಲಿ ಬಿಡ್ತೀನಿ

ಮೋಟೆಬೆನ್ನೂರಿನ ಒಂದು ಹಂಚಿನ ಮನೆ. ನಾಲ್ಕನೇ ತರಗತಿ ಓದುವ ಮಗಳ ಖೋಲಿಗೆ ದೀಪಾವಳಿಯೊಳಗೆ ಹೊಸ ರೂಪ ಕೊಡಬೇಕೆಂಬುದು ಮನೆಯವರ ಆಸೆ. ಖೋಲಿಯ ಮುಕ್ಕಾಲು ಜಾಗವನ್ನು ಬ್ಯಾಡಗಿ ಮೆಣಸಿನಕಾಯಿ ಚೀಲಗಳು ಹಿಡಿದಿವೆ. ಅವುಗಳಲ್ಲಿ ಎಲ್ಲಕ್ಕಿಂತ ಮೇಲೆ ಕೂತ ಚೀಲ ಮಾತಿಗೆ ಸಿಕ್ಕಿತು.

ಪ್ರಶ್ನೆ: ಮಗುವಿನ ಖೋಲಿಯಲ್ಲಿ ನಿಮಗೇನು ಕೆಲಸ?

ಚೀಲ: ಹುಡುಗಿ ಬಂದದ್ದು ಆಮ್ಯಾಲ ರೀ. ಆಕಿ ಅಜ್ಜ ಇದ್ದಾಗ ಇದಕ್ಕ ಕಾಯಿ ಖೋಲಿ ಅಂತಿದ್ರು. ಗೂಟಕ್ಕ ಪಾಟಿಚೀಲ ಬಿತ್ತು, ಪಾಪುನ ಖೋಲಿ ಆತು. ಹೆಸರು ಬದಲಾತು, ಬಾಡಗಿದಾರರು ಬದಲಾಗ್ಲಿಲ್ಲ.

ಪ್ರಶ್ನೆ: ಬಣ್ಣ ಹಚ್ಚಲು ನೀವೇ ಅಡ್ಡಿ ಎಂಬ ದೂರಿದೆ.

ಚೀಲ: ಅಡ್ಡಿನೂ ನಾನ, ಬಜೆಟ್ಟೂ ನಾನ. ನನ್ನ ಮಾರಿದ್ರ ರೊಕ್ಕ, ರೊಕ್ಕ ಬಂದ್ರ ಬಣ್ಣ. ರೇಟ್ ಬರೂತನಕ ಮಾರಂಗಿಲ್ಲ, ಮಾರೂತನಕ ನಾನು ಏಳಂಗಿಲ್ಲ. ಬ್ಯಾಡಗಿ ಪ್ಯಾಟಿ ಸೋಮವಾರ, ಗುರುವಾರ. ಆ ಸಂಜಿ ಯಜಮಾನ್ರು ಮೊಬೈಲ್ ನೋಡಿ ಖೋಲಿ ಅಂದಾಜು ತಿದ್ದತಾರ. ರೇಟ್ ಏರಿದ್ರ ಗುಲಾಬಿ ಬಣ್ಣ, ಪಿಒಪಿ, ಹೊಸ ಮಂಚ. ಇಳಿದ್ರ ಸುಣ್ಣ. ಇನ್ನೂ ಇಳಿದ್ರ, "ಗ್ವಾಡಿ ಜಾಡಿಸ್ರಿ, ಸಾಕು."

ಪ್ರಶ್ನೆ: ಕೋಲ್ಡ್ ಸ್ಟೋರೇಜಿಗೆ ಹೋಗಬಹುದಿತ್ತು. ಬ್ಯಾಡಗಿ ಸುತ್ತ ಬೇಕಾದಷ್ಟಿವೆ.

ಚೀಲ: ಅಲ್ಲಿ ಬಾಡಗಿ ಕೇಳ್ತಾರ, ಇಲ್ಲಿ ಹುಡುಗಿ ಕೇಳಂಗಿಲ್ಲ. ಆದ್ರ ಬೆಳಕು ಬಿದ್ರ ನನ್ನ ಬಣ್ಣ ಹೋಗ್ತೈತಿ, ತ್ಯಾವ ತಾಗಿದ್ರ ಬೂಸು ಹಿಡೀತೈತಿ. ಅದಕ್ಕ ಕಿಡಕಿ ಮುಚ್ಚೇ ಇರ್ತೈತಿ. ಆಕಿ ಹಾಡಹಗಲ ಲೈಟ್ ಹಚ್ಚಿ ಮಗ್ಗಿ ಬರೀತಾಳ. ಮೊನ್ನೆ ಮೊಬೈಲ್ ವಿಡಿಯೊದಾಗ ಒಬ್ಬಾಕಿ ಹೇಳಾಕತ್ತಿದ್ಲು: ಮಕ್ಕಳ ರೂಮಿಗೆ ಮೊದಲು ಗಾಳಿ-ಬೆಳಕು ಬಿಡ್ರಿ, ಅದಕ್ಕ ರೊಕ್ಕ ಬೀಳಂಗಿಲ್ಲ ಅಂತ. ಬೀಳ್ತೈತಿ ರೀ. ಕ್ವಿಂಟಲ್‌ಗೆ ಇಷ್ಟು ಅಂತ ಬೀಳ್ತೈತಿ.

ಪ್ರಶ್ನೆ: ಬಣ್ಣಕ್ಕೆ ನೀವು ಲೋಕಪ್ರಸಿದ್ಧರು.

ಚೀಲ: 2011ರಾಗ ಜಿಐ ಮಾನ್ಯತೆ ಸಿಕ್ಕೈತಿ. ನಮ್ಮೊಳಗ ಖಾರ ಕಡಿಮಿ, ಬಣ್ಣ ಹೆಚ್ಚು. ಕಾರ್ಖಾನ್ಯಾಗ ನಮ್ಮಿಂದ ಓಲಿಯೊರೆಸಿನ್ ತೆಗೀತಾರ. ಅದು ಲಿಪ್‌ಸ್ಟಿಕ್ಕಿಗೆ, ಉಗುರುಬಣ್ಣಕ್ಕ ಹೋಗ್ತೈತಿ. ಕಂಡರಿಯದ ಊರಿನವರ ತುಟಿಗೆ ಬಣ್ಣ ಹಚ್ಚೀವಿ. ಬೆನ್ನು ಹಚ್ಚಿ ಕುಂತ ಈ ಗ್ವಾಡಿಗೆ ಹಚ್ಚೂದು ಮಾತ್ರ ಆಗವಲ್ದು.

ಪ್ರಶ್ನೆ: ಆದರೆ ಗೋಡೆಯ ಮೇಲರ್ಧ ಗುಲಾಬಿಯಾಗಿದೆಯಲ್ಲ?

ಚೀಲ: ಅದು ಅವ್ವಾರ ಕರಾಮತ್ತು. ಯಜಮಾನ್ರ ಗುರುವಾರ ಕಾಯ್ದು ಸಾಕಾಗಿ, ತವರಮನಿಯಾಗ ಉಳಿದಿದ್ದ ಅರ್ಧ ಡಬ್ಬಿ ಡಿಸ್ಟೆಂಪರ್ ತಂದ್ರು. ನಮ್ಮನ್ನ ಎತ್ತೋರು ಯಾರು? ನನ್ನ ನೆತ್ತಿ ಮ್ಯಾಲಿಂದ ಹಚ್ಚಾಕ ಶುರು ಮಾಡಿದ್ರು. ಬೆಂಗಳೂರಾಗಾಗಿದ್ರ ಇದಕ್ಕ ಟೂ-ಟೋನ್ ಅಂತ ಬಿಲ್ ಹಾಕ್ತಿದ್ರು. ಬಾಗಲ ಹಿಂದಿನ ತುಣುಕು ಗ್ವಾಡಿಗೆ ಕರಿ ಬಣ್ಣ ಬಳದು ಹಲಗಿ ಮಾಡ್ಯಾರ. ನಲಿ-ಕಲಿ ಶಾಲ್ಯಾಗ ಇರ್ತೈತಲ್ಲ, ಹುಡುಗರ ಕೈಗೆ ಸಿಗೂವಂಗ, ತಳಗ. ಅಜ್ಜಿ ಹಳೇ ಇಳಕಲ್ ಸೀರಿ ಹರದು ಕೌದಿ ಹೊಲದ್ರು, ಅದನ್ನ ತಂದು ನಮ್ಮ ಮ್ಯಾಲ ಹೊಚ್ಚಿದ್ರು. ಬೀಗರು ಬಂದಾಗ ನಾವು ಚೀಲ ಅಲ್ಲ, ಸೋಫಾ. ಖರ್ಚು ಅಂತ ಆದದ್ದು ಬ್ರಶ್ಶಿಂದು, ಕರಿ ಬಣ್ಣದ್ದು.

ಪ್ರಶ್ನೆ: ಆ ಫೋಟೊದ ಸುತ್ತ ಮಾತ್ರ ಬಣ್ಣ ಅಂಕುಡೊಂಕಾಗಿದೆ.

ಚೀಲ: ಮೈಲಾರ ಮಹದೇವಪ್ಪನವರ ಫೋಟೊ. ಇಳಿಸ್ರಿ ಅಂದ್ರ ಅಜ್ಜಿ ಒಪ್ಪಲಿಲ್ಲ. 1911ರಾಗ ಇದ ಊರಾಗ ಹುಟ್ಟಿ, 1930ರಾಗ ಗಾಂಧೀಜಿ ಜೋಡಿ ದಂಡಿತನಕ ನಡದವ್ರು, ಬ್ರಿಟಿಷರಿಗೇ ಬಗ್ಗಲಿಲ್ಲ, ನಿಮ್ಮ ಡಿಸ್ಟೆಂಪರಿಗೆ ಇಳೀತಾರೇನು ಅಂದ್ರು. ಸುತ್ತ ಹೊಡದು ಬಿಟ್ರು. ಪಕ್ಕಕ್ಕ ಹುಡುಗಿ ರೆಕ್ಕಿ ಕುದರಿ ಸ್ಟಿಕ್ಕರ್ ಅಂಟಿಸ್ಯಾಳ. ಅಜ್ಜಿ ಅದಕ್ಕೂ ದಿನಾ ಕುಂಕುಮ ಹಚ್ಚತಾರ.

ಪ್ರಶ್ನೆ: ಬೆಲೆ ಬರುವ ನಂಬಿಕೆ ಇದೆಯೇ?

ಚೀಲ: ಆ ಮಾತು ಸಾವಕಾಶ ಆಡ್ರಿ. 2024ರ ಮಾರ್ಚ್‌ನಾಗ ರೇಟ್ ಬಿತ್ತಂತ ಬ್ಯಾಡಗಿ ಎಪಿಎಂಸಿ ಕಚೇರಿಗೇ ಬೆಂಕಿ ಬಿತ್ತು, ಗಾಡಿ ಸುಟ್ಟುವು. ನಮಗಿಂತ ಮೊದಲು ಇಲ್ಲಿದ್ದ ಚೀಲದವ್ರು ಹೇಳ್ತಿದ್ರು, ಆ ವಾರ ಈ ಮನಿಯಾಗ ಬಣ್ಣದ ಸುದ್ದಿ ಯಾರೂ ತೆಗೀಲಿಲ್ಲಂತ.

ಪ್ರಶ್ನೆ: ಹಾಗಾದರೆ ದೀಪಾವಳಿಗೆ ಖೋಲಿ ಖಾಲಿಯಾಗುವುದಿಲ್ಲ?

ಚೀಲ: ಗುರುವಾರ ನೋಡೂಣ. ಆದ್ರ ಹುಡುಗಿ ಮುಂದ ಒಂದು ಮಾತು ಹೇಳಬ್ಯಾಡ್ರಿ. ಹೊಲದಾಗ ಗೋವಿನಜೋಳದ ರಾಶಿ ಆಗೈತಿ. ನಿನ್ನೆ ಅದರ ಚೀಲೊಂದು ಪಡಸಾಲಿತನಕ ಬಂದು, "ಒಳಗ ಗುಲಾಬಿ ಬಣ್ಣ ಹಚ್ಚಿಸ್ಯಾರಂತ ಹೌದ? ಎಷ್ಟು ಮಂದಿಗೆ ಜಗಾ ಆಗ್ತೈತಿ?" ಅಂತ ಕೇಳಿಕೊಂಡು ಹೋತು.